ಕಲ್ಲಿನಲ್ಲಿ ಉಳಿದ ಹಳೆಯ ಅಂಗಿ

ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ಏಡಿ ಕೊಳ್ಳುವವರನ್ನು ಗಮನಿಸಿದ್ದೀರಾ? ದರ ಕೇಳುವ ಮೊದಲೇ ಅವರ ಹೆಬ್ಬೆರಳು ಏಡಿಯ ಹೊಟ್ಟೆಯ ಬದಿಯನ್ನು ಒತ್ತಿ ನೋಡುತ್ತದೆ. ಗಟ್ಟಿಯಾಗಿದ್ದರೆ ಚೀಲಕ್ಕೆ. ಒತ್ತಿದಲ್ಲಿ ತಗ್ಗಿದರೆ ‘ಇದರಲ್ಲಿ ನೀರು ಮಾತ್ರ’ ಎಂದು ಪಕ್ಕಕ್ಕೆ. ತುಳುವರ ಡೆಂಜಿಯಾಗಲಿ, ಕೊಂಕಣಿಗರ ಕುರ್ಲಿಯಾಗಲಿ, ಪರೀಕ್ಷೆ ಒಂದೇ. ಹಾಗೆ ಪಕ್ಕಕ್ಕೆ ಸರಿದದ್ದು ರೋಗದ ಏಡಿಯಲ್ಲ. ಅದು ಹಳೆಯ ಚಿಪ್ಪನ್ನು ಕಳಚಿ, ಹೊಸ ಚಿಪ್ಪು ಇನ್ನೂ ಬಲಿಯದ ಏಡಿ.

ಈ ಸಂಗತಿಗೂ 51 ಕೋಟಿ ವರ್ಷ ಹಿಂದಿನ ಒಂದು ಪ್ರಾಣಿಗೂ ನೇರ ಸಂಬಂಧವಿದೆ ಎಂಬುದನ್ನು ನನಗೆ ಮೊದಲು ಹೇಳಿದ್ದು ಪುಸ್ತಕವಲ್ಲ, ಒಬ್ಬ ವಿದ್ಯಾರ್ಥಿ. ಒಂಬತ್ತನೆಯ ತರಗತಿಯಲ್ಲಿ ಪಳೆಯುಳಿಕೆಗಳ ಪಾಠ ನಡೆದಿತ್ತು. ಟ್ರೈಲೊಬೈಟ್‌ನ ಚಿತ್ರ ತೋರಿಸಿ, ‘ಇದು ಸತ್ತು, ಕೆಸರಿನಲ್ಲಿ ಹೂತು, ಕಲ್ಲಾದ ಪ್ರಾಣಿ’ ಎಂದೆ. ಚಿತ್ರದಲ್ಲಿ ಅದರ ತಲೆಯ ಎರಡು ಬದಿಯ ತುಂಡುಗಳು ಇರಲಿಲ್ಲ. ನಾನು ಅದನ್ನು ಗಮನಿಸಿರಲಿಲ್ಲ. ಹಿಂದಿನ ಬೆಂಚಿನ ಹುಡುಗ ಗಮನಿಸಿದ್ದ. ಅವನ ಮನೆಯವರು ಮೀನಿನ ಕೆಲಸದವರು. ಎದ್ದು ನಿಂತು, ‘ಸಾರ್, ಅದು ಸತ್ತದ್ದಲ್ಲ, ಚಿಪ್ಪು ಬಿಟ್ಟು ಹೋದದ್ದು’ ಎಂದ. ತರಗತಿ ನಕ್ಕಿತು. ನಾನೂ ನಕ್ಕು, ‘ಕುಳಿತುಕೋ’ ಎಂದೆ.

ನಗಬೇಕಾದದ್ದು ಯಾರನ್ನು ನೋಡಿ ಎಂಬುದು ನನಗೆ ತಿಳಿಯಲು ಅನೇಕ ವರ್ಷ ಹಿಡಿಯಿತು. ಆ ಹುಡುಗನ ಮಾತು ಎಷ್ಟು ನಿಜವಾಗಿತ್ತು ಎಂದು ಹೇಳಲಿಕ್ಕಾಗಿಯೇ ಈ ಲೇಖನ.

ಮೂರು ಪಾಲಿನ ಪ್ರಾಣಿ

ಟ್ರೈಲೊಬೈಟ್ ಎಂದರೆ ‘ಮೂರು ಪಾಲಿನದು’. ಉದ್ದಕ್ಕೆ ನೋಡಿದರೆ ನಡುವೆ ಒಂದು ಉಬ್ಬಿದ ಏಣು, ಅದರ ಎಡಕ್ಕೊಂದು ಬಲಕ್ಕೊಂದು ಚಪ್ಪಟೆ ಪಾಲು. ತಲೆ, ಎದೆ, ಬಾಲ ಎಂದು ಅಡ್ಡಕ್ಕೂ ಮೂರು ಭಾಗಗಳಿರುವುದರಿಂದ ಹೆಸರು ಅದರಿಂದ ಬಂತೆಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ಹೆಸರಿಗೆ ಕಾರಣ ಉದ್ದದ ಪಾಲುಗಳೇ.

ಏಡಿ, ಸಿಗಡಿ, ಚೇಳು, ಜಿರಳೆಗಳಂತೆ ಇವೂ ಸಂಧಿಪದಿಗಳು. ಸುಮಾರು 52 ಕೋಟಿ ವರ್ಷಗಳ ಹಿಂದೆ ಸಮುದ್ರಗಳಲ್ಲಿ ಕಾಣಿಸಿಕೊಂಡು, ಸುಮಾರು 25 ಕೋಟಿ ವರ್ಷಗಳ ಹಿಂದೆ ಪೂರ್ತಿ ಅಳಿದುಹೋದವು. ಡೈನೋಸಾರ್‌ಗಳು ಹುಟ್ಟುವ ಮೊದಲೇ ಇವುಗಳ ಕಥೆ ಮುಗಿದಿತ್ತು. ಇದುವರೆಗೆ 20 ಸಾವಿರಕ್ಕೂ ಹೆಚ್ಚು ಪ್ರಭೇದಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಇವು ಏಡಿಯ ಅಜ್ಜ ಎಂದು ಹೇಳುವುದುಂಟು. ಅದು ತಪ್ಪು. ದೂರದ ದಾಯಾದಿ ಎಂದರೆ ಸರಿ. ಇವುಗಳ ನೇರ ಸಂತತಿ ಇಂದು ಯಾವುದೂ ಉಳಿದಿಲ್ಲ.

ಹೆಚ್ಚಿನವು ನಮ್ಮ ಹೆಬ್ಬೆರಳಿಗಿಂತ ದೊಡ್ಡದಲ್ಲ. ಆದರೆ ಕೆಲವು ಜಾತಿಗಳು ಬಹಳ ದೊಡ್ಡದಾಗಿ ಬೆಳೆದವು. ಕೆನಡಾದ ಚರ್ಚಿಲ್ ಪಟ್ಟಣದ ಬಳಿ 1998ರಲ್ಲಿ ಸಿಕ್ಕಿದ ‘ಐಸೊಟೀಲಸ್ ರೆಕ್ಸ್’ 70 ಸೆಂಟಿಮೀಟರಿಗಿಂತ ಉದ್ದ. ಇಡಿಯಾಗಿ ದೊರೆತವುಗಳಲ್ಲಿ ಹೆಸರಾದ ದೈತ್ಯ ಅದು. ಅದಕ್ಕಿಂತ ಹಳೆಯದೂ ನಮಗೆ ಹತ್ತಿರದ್ದೂ ಆದ ಇನ್ನೊಂದು ದೊಡ್ಡ ಜಾತಿ ಇದೆ. ಅದರ ಹೆಸರು ರೆಡ್ಲಿಕಿಯಾ.

ಸೈಂಧವ ಲವಣದ ನೆರೆಯವ

ನಮ್ಮ ಅಂಗಡಿಗಳಲ್ಲಿ ನಸುಗೆಂಪು ಹರಳಾಗಿ ದೊರೆಯುತ್ತಿದ್ದ ಸೈಂಧವ ಲವಣವನ್ನು ಎಲ್ಲರೂ ಬಲ್ಲರು. ಅದಕ್ಕೆ ಹೆಸರಾದದ್ದು ಝೇಲಂ ನದಿಯ ಆಚೆಗಿನ ಉಪ್ಪಿನ ಬೆಟ್ಟಸಾಲು. ಅದು ಈಗ ಪಾಕಿಸ್ತಾನದ ಪಂಜಾಬಿನಲ್ಲಿದೆ. ಆ ಉಪ್ಪಿನ ಪದರಗಳ ಮೇಲೆ, ಅವುಗಳಿಗಿಂತ ಎಳೆಯ ಕೆಲವು ಮರಳುಗಲ್ಲು ಮತ್ತು ಜೇಡಿಗಲ್ಲಿನ ಪದರಗಳಿವೆ. ಅಲ್ಲಿ ದೊರೆತ ಟ್ರೈಲೊಬೈಟ್‌ಗಳನ್ನು ಆಸ್ಟ್ರಿಯಾದ ಭೂವಿಜ್ಞಾನಿ ಕಾರ್ಲ್ ರೆಡ್ಲಿಕ್ ಅಭ್ಯಾಸ ಮಾಡಿ 1899ರಲ್ಲಿ ವರದಿ ಬರೆದ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ‘ಪ್ಯಾಲಿಯೊಂಟಾಲೊಜಿಯಾ ಇಂಡಿಕಾ’ ಮಾಲೆಯಲ್ಲಿ ಅದು ಪ್ರಕಟವಾಯಿತು. ಅದೇ ಸಂಸ್ಥೆಯ ಫ್ರಿಟ್ಜ್ ನೋಟ್ಲಿಂಗ್‌ನ ಗೌರವಾರ್ಥ ಪ್ರಭೇದಕ್ಕೆ ‘ನೋಟ್ಲಿಂಗಿ’ ಎಂದು ಹೆಸರಾಯಿತು. ಜಾತಿಗೆ ರೆಡ್ಲಿಕ್ ಇಟ್ಟಿದ್ದ ಹೆಸರು ಆಗಲೇ ಬೇರೆ ಪ್ರಾಣಿಯ ಪಾಲಾಗಿತ್ತು. ಆದ್ದರಿಂದ 1902ರಲ್ಲಿ ಫ್ರಾನ್ಸಿನ ಕೊಸ್ಮನ್ ಅದನ್ನು ‘ರೆಡ್ಲಿಕಿಯಾ’ ಎಂದು ಬದಲಿಸಿದ.

ಹೀಗೆ ಜಗತ್ತಿಗೆ ಈ ಜಾತಿ ಮೊದಲು ಪರಿಚಯವಾದದ್ದು ಅಂದಿನ ಭಾರತದ ಕಲ್ಲಿನಿಂದ. ಆಮೇಲೆ ಚೀನಾ, ಕೊರಿಯಾ, ಇರಾನ್, ಆಸ್ಟ್ರೇಲಿಯಾಗಳಲ್ಲೂ ಇದರ ಬಂಧುಗಳು ಸಿಕ್ಕವು. ಹಿಮಾಚಲ ಪ್ರದೇಶದ ಕೆಳ ಹಿಮಾಲಯದ ‘ತಾಲ್’ ಶಿಲಾಪದರಗಳಲ್ಲೂ ರೆಡ್ಲಿಕಿಯಾ ಬಳಗ ಕಂಡಿತು. ಇಷ್ಟು ದೂರದೂರದ ನಾಡುಗಳಲ್ಲಿ ಒಂದೇ ಜಾತಿ ಏಕೆ? ಆ ಕಾಲದಲ್ಲಿ ಭಾರತ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾಗಳು ಗೊಂಡ್ವಾನಾ ಎಂಬ ಒಂದೇ ಭೂಖಂಡವಾಗಿದ್ದವು. ಅದರ ಅಂಚಿನ ಆಳವಿಲ್ಲದ ಸಮುದ್ರದಲ್ಲಿ ರೆಡ್ಲಿಕಿಯಾ ತಳ ಹಿಡಿದು ಹರಿದಾಡುತ್ತಿತ್ತು.

ನಮ್ಮ ಕಲ್ಲಿನಲ್ಲಿ ಏಕಿಲ್ಲ?

‘ಸಾರ್, ನಮ್ಮ ಗುಡ್ಡದಲ್ಲಿ ಅಗೆದರೆ ಸಿಗುತ್ತದೆಯೇ?’ ಪ್ರತಿ ವರ್ಷವೂ ಬರುವ ಪ್ರಶ್ನೆ. ಸಿಗುವುದಿಲ್ಲ. ಮಂಗಳೂರಿನಲ್ಲಿ ಮನೆ ಕಟ್ಟುವ ಮುರಕಲ್ಲು, ಹಳೆಯ ಶಿಲೆ ಬಿಸಿಲು ಮಳೆಗೆ ಕೊಳೆತು, ಕಬ್ಬಿಣದ ಅಂಶ ಮಾತ್ರ ಗಟ್ಟಿಯಾಗಿ ಉಳಿದು ಆದದ್ದು. ಅದರ ಅಡಿಯ ನೈಸ್ ಶಿಲೆ ಭೂಗರ್ಭದ ಬೇಗೆಯಲ್ಲಿ ಬೆಂದದ್ದು. ಕರ್ನಾಟಕದ ನೈಸ್‌ನ ಬಹುಭಾಗದ ವಯಸ್ಸು 250 ಕೋಟಿ ವರ್ಷಕ್ಕೂ ಮಿಕ್ಕಿದೆ. ಬಾಗಲಕೋಟೆಯ ಕಡೆಯ ಕಲಾದಗಿ ಪದರಗಳೂ ಕಲಬುರಗಿಯ ಕಡೆಯ ಭೀಮಾ ಪದರಗಳೂ ಟ್ರೈಲೊಬೈಟ್ ಹುಟ್ಟುವ ಮುನ್ನವೇ ಕೂಡಿದವು. ಮಲ್ಪೆಯಾಚೆಯ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳಿಗೆ ಸುಮಾರು 8.8 ಕೋಟಿ ವರ್ಷ, ಉತ್ತರ ಕರ್ನಾಟಕದ ಕಪ್ಪು ಲಾವಾಶಿಲೆಗೆ ಸುಮಾರು 6.6 ಕೋಟಿ ವರ್ಷ. ಇವೆರಡೂ ಟ್ರೈಲೊಬೈಟ್ ಅಳಿದ ಮೇಲಿನವು, ಅಲ್ಲದೆ ಬೆಂಕಿಯಿಂದ ಬಂದವು.

ಅಂದರೆ ನಮ್ಮ ನೆಲದ ಪುಸ್ತಕದಲ್ಲಿ ಮೊದಲ ಅಧ್ಯಾಯಗಳಿವೆ, ಕೊನೆಯವೂ ಇವೆ. ಟ್ರೈಲೊಬೈಟ್ ಇರಬೇಕಾದ ನಡುವಿನ ಹಾಳೆಗಳು ಮಾತ್ರ ಇಲ್ಲ. ಕಲ್ಲಿಲ್ಲದಿದ್ದರೂ ಅದನ್ನು ಓದುವ ಕೀಲಿಕೈ ನಮ್ಮ ಕಡಲಿನಲ್ಲಿದೆ. ಅದನ್ನು ನೋಡುವ ಮೊದಲು ರೆಡ್ಲಿಕಿಯಾದ ಮೈಕಟ್ಟನ್ನು ಸ್ವಲ್ಪ ತಿಳಿದುಕೊಳ್ಳೋಣ.

ತಲೆಯಿಂದ ಬಾಲದವರೆಗೆ

ತಲೆ ಅರ್ಧಚಂದ್ರಾಕಾರದ ಒಂದು ಗುರಾಣಿ. ಅದರ ಎರಡು ಮೂಲೆಗಳಿಂದ ಉದ್ದನೆಯ ಎರಡು ಮುಳ್ಳುಗಳು ಹಿಂದಕ್ಕೆ ಚಾಚಿವೆ. ತಲೆಯ ನಡುವೆ, ಮುಂದಕ್ಕೆ ಹೋದಂತೆ ಕಿರಿದಾಗುವ ಒಂದು ಉಬ್ಬು. ಪ್ರಾಣಿಯ ಜಠರ ಇದ್ದದ್ದು ಇದರ ಕೆಳಗೆ! ಉಬ್ಬಿನ ಎರಡು ಪಕ್ಕದಲ್ಲಿ ಬಿದಿಗೆ ಚಂದ್ರನಂತೆ ಬಾಗಿದ ದೊಡ್ಡ ಕಣ್ಣುಗಳು. ನೊಣದ ಕಣ್ಣಿನಂತೆ ಅನೇಕ ಸಣ್ಣ ಮಸೂರಗಳಿಂದಾದ ಕಣ್ಣುಗಳಿವು. ಟ್ರೈಲೊಬೈಟ್‌ಗಳ ಮಸೂರ ಕ್ಯಾಲ್ಸೈಟ್‌ನದು, ಅಂದರೆ ಸುಣ್ಣದ ಹರಳಿನದು.

ಎದೆಯಲ್ಲಿ ಹದಿನೈದರ ಆಸುಪಾಸು ಖಂಡಗಳು. ಒಂದರ ಹಿಂದೆ ಒಂದು ಜೋಡಿಸಿದ ಹೆಂಚಿನಂತೆ ಇವು ಬಾಗಬಲ್ಲವು. ಪ್ರತಿ ಖಂಡದ ತುದಿಯೂ ಮುಳ್ಳಿನಂತೆ ಚೂಪು. ಕೆಲವು ಪ್ರಭೇದಗಳಲ್ಲಿ ಹನ್ನೊಂದನೆಯ ಖಂಡದ ನಡುಬೆನ್ನಿನಿಂದ ಉದ್ದನೆಯ ಒಂಟಿ ಮುಳ್ಳು ಹೊರಡುತ್ತದೆ. ಇಷ್ಟೆಲ್ಲ ಆಡಂಬರದ ಕೊನೆಗೆ ಬಾಲದ ಫಲಕ ಮಾತ್ರ ತೀರಾ ಚಿಕ್ಕದು.

ಹೊಟ್ಟೆಯ ಕಡೆಗೆ ಗಟ್ಟಿ ಕವಚವಿಲ್ಲ. ಆದ್ದರಿಂದ ಸಾಮಾನ್ಯವಾಗಿ ಕಾಲು ಮೀಸೆಗಳು ಪಳೆಯುಳಿಕೆಯಾಗಿ ಉಳಿಯುವುದಿಲ್ಲ. ಆದರೆ ದಕ್ಷಿಣ ಆಸ್ಟ್ರೇಲಿಯಾದ ಕಾಂಗರೂ ದ್ವೀಪದ ಉತ್ತರ ಕರಾವಳಿಯಲ್ಲಿ ‘ಎಮು ಬೇ’ ಜೇಡಿಗಲ್ಲು ಎಂಬ ಪದರವಿದೆ. ಅಲ್ಲಿನ ನಯವಾದ ಕೆಸರು ಮೆತ್ತನೆಯ ಅಂಗಗಳನ್ನೂ ಅಚ್ಚೊತ್ತಿ ಇಟ್ಟಿದೆ. 2019ರಲ್ಲಿ ಜೇಮ್ಸ್ ಹೋಮ್ಸ್ ಮತ್ತು ಜೊತೆಗಾರರು ಅಲ್ಲಿಂದ ಒಂದು ಹೊಸ ಪ್ರಭೇದವನ್ನು ವಿವರಿಸಿದರು. ಸುಮಾರು 30 ಸೆಂಟಿಮೀಟರ್, ಅಂದರೆ ಶಾಲೆಯ ಅಳತೆಪಟ್ಟಿಯಷ್ಟು ಉದ್ದ. ಆಸ್ಟ್ರೇಲಿಯಾದ ಆ ಯುಗದ ಟ್ರೈಲೊಬೈಟ್‌ಗಳಲ್ಲೇ ದೊಡ್ಡದು. ಹೆಸರು ‘ರೆಡ್ಲಿಕಿಯಾ ರೆಕ್ಸ್’. ರೆಕ್ಸ್ ಎಂದರೆ ರಾಜ.

ಕಾಲಿನ ಬುಡದಲ್ಲೇ ಹಲ್ಲು

ಈ ರಾಜನ ವಿಶೇಷ ಅದರ ಕಾಲುಗಳಲ್ಲಿದೆ. ತಲೆಯ ಮುಂದೆ ಒಂದು ಜೊತೆ ಮೀಸೆ. ಅವುಗಳ ಹಿಂದೆ ಸಾಲುಸಾಲು ಕಾಲುಗಳು. ಪ್ರತಿ ಕಾಲಿಗೂ ಎರಡು ಕವಲು: ಒಂದು ನಡೆಯಲು, ಇನ್ನೊಂದು ಬಾಚಣಿಗೆಯಂಥ ಎಳೆಗಳ ಕಿವಿರು, ಉಸಿರಾಡಲು. ನಡೆಯುವ ಕವಲಿನ ಬುಡದಲ್ಲಿ ಒಳಮುಖವಾಗಿ ಮೊಂಡು ಮುಳ್ಳುಗಳು. ಎಡಗಾಲಿನ ಬುಡವೂ ಬಲಗಾಲಿನ ಬುಡವೂ ಒಂದಕ್ಕೊಂದು ಒತ್ತಿದಾಗ ನಡುವೆ ಸಿಕ್ಕಿದ ಚಿಪ್ಪು ಪುಡಿ. ಟ್ರೈಲೊಬೈಟ್‌ನ ಬಾಯಿ ತಲೆಯ ತುದಿಯಲ್ಲಿಲ್ಲ. ತಲೆಯ ಅಡಿಯಲ್ಲಿ ಹಿಂದಕ್ಕೆ ಮುಖ ಮಾಡಿದೆ. ಆದ್ದರಿಂದ ಕಾಲುಗಳು ಆಹಾರವನ್ನು ಅರೆಯುತ್ತ ಹಿಂದಿನಿಂದ ಮುಂದಕ್ಕೆ ಬಾಯಿಗೆ ಸಾಗಿಸುತ್ತಿದ್ದವು. ನಡೆಯುವ ಕಾಲೇ ಅರೆಯುವ ಹಲ್ಲೂ ಆದರೆ ಹೇಗೆ ಎಂದು ಸೋಜಿಗಪಡಬೇಡಿ. ಒಡಿಶಾ ಮತ್ತು ಬಂಗಾಳದ ಕರಾವಳಿಯಲ್ಲಿ ಇಂದಿಗೂ ಬದುಕಿರುವ ಲಾಳದ ಏಡಿ ತಿನ್ನುವುದು ಹೀಗೆಯೇ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಅದಿಲ್ಲ.

ರಾಜ ತಿಂದದ್ದು ಯಾರನ್ನು? ಎಮು ಬೇಯಲ್ಲಿ ಕಲ್ಲಾದ ಮಲದ ಗುಡ್ಡೆಗಳು ಸಿಕ್ಕಿವೆ. ಅವುಗಳಲ್ಲಿ ಟ್ರೈಲೊಬೈಟ್ ಚಿಪ್ಪಿನ ಚೂರುಗಳಿವೆ. ಗಾಯಗೊಂಡು ಬದುಕುಳಿದ ರೆಡ್ಲಿಕಿಯಾಗಳೂ ಇವೆ. ಅವುಗಳ ಗಾಯ ಹೆಚ್ಚಾಗಿ ದೇಹದ ಹಿಂಭಾಗದಲ್ಲಿ, ಓಡುವಾಗ ಹಿಂದಿನಿಂದ ಕಚ್ಚಿದಂತೆ. ಇವನ್ನೆಲ್ಲ 2022ರಲ್ಲಿ ಒಟ್ಟಿಗೆ ಪರಿಶೀಲಿಸಿದವರು, ದೊಡ್ಡ ರೆಡ್ಲಿಕಿಯಾ ಇತರ ಟ್ರೈಲೊಬೈಟ್‌ಗಳನ್ನು, ಬಹುಶಃ ಸ್ವಂತ ಜಾತಿಯವರನ್ನೂ, ತಿನ್ನುತ್ತಿತ್ತು ಎಂಬ ಅಭಿಪ್ರಾಯಕ್ಕೆ ಬಂದಿದ್ದಾರೆ.

ಅಂಗಿ ಬಿಚ್ಚುವ ಬಗೆ

ಈಗ ಆ ಹುಡುಗನ ಮಾತಿಗೆ ಬರೋಣ. ಹೊರಗೆ ಗಟ್ಟಿ ಕವಚವಿರುವ ಪ್ರಾಣಿಗೆ ಒಂದು ಕಷ್ಟವಿದೆ. ಮೈ ಬೆಳೆಯುತ್ತದೆ, ಕವಚ ಬೆಳೆಯುವುದಿಲ್ಲ. ಮಗು ಬೆಳೆದಂತೆ ಅಂಗಿ ಬದಲಿಸಲೇಬೇಕು. ಏಡಿಯಲ್ಲಿ ಹಳೆಯ ಚಿಪ್ಪಿನ ಕೆಳಗೆ ಮೆತ್ತನೆಯ ಹೊಸ ಚಿಪ್ಪು ಮಡಿಚಿಕೊಂಡು ಸಿದ್ಧವಾಗುತ್ತದೆ. ಹಳೆಯ ಚಿಪ್ಪಿನ ಒಂದಷ್ಟು ಸುಣ್ಣವನ್ನು ಅದು ಮೈಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಚಿಪ್ಪು ಹಿಂಭಾಗದಲ್ಲಿ ಡಬ್ಬಿಯ ಮುಚ್ಚಳದಂತೆ ತೆರೆದುಕೊಳ್ಳುತ್ತದೆ. ಏಡಿ ಹಿಂದಕ್ಕೆ ಸರಿದು ಹೊರಬರುತ್ತದೆ. ಕೊಂಬಿನಿಂದ, ಕಾಲಿನ ತುದಿಯಿಂದ, ಕಣ್ಣಿನ ಗೊನೆಯಿಂದ ಮೈಯನ್ನು ಎಳೆದುಕೊಳ್ಳಬೇಕು. ಹೊರಬಂದೊಡನೆ ನೀರು ಹೀರಿ ಉಬ್ಬುತ್ತದೆ. ಆ ಉಬ್ಬಿದ ಅಳತೆಗೆ ಹೊಸ ಚಿಪ್ಪು ಗಟ್ಟಿಯಾಗುತ್ತದೆ. ಮಾರುಕಟ್ಟೆಯ ‘ನೀರು ಮಾತ್ರ’ದ ಗುಟ್ಟು ಇದು! ಹುಣ್ಣಿಮೆಯ ಏಡಿ ಟೊಳ್ಳು ಎನ್ನುವವರೂ ನಮ್ಮಲ್ಲಿದ್ದಾರೆ. ಚಂದ್ರನ ವಿಚಾರ ಏನೇ ಇರಲಿ, ಟೊಳ್ಳಿಗೆ ಕಾರಣ ಕಳಚಿದ ಚಿಪ್ಪು.

ರೆಡ್ಲಿಕಿಯಾ ಇದೇ ಕೆಲಸವನ್ನು ತಲೆಯ ಕಡೆಯಿಂದ ಮಾಡುತ್ತಿತ್ತು. ಅದರ ತಲೆಗುರಾಣಿಯ ಮೇಲೆ, ಕಣ್ಣಿನ ಪಕ್ಕದಲ್ಲಿ ಹಾದುಹೋಗುವ ಎರಡು ಗೆರೆಗಳಿವೆ. ಇವು ಅಲಂಕಾರವಲ್ಲ, ಹೊಲಿಗೆ. ಕಳಚುವ ಕಾಲ ಬಂದಾಗ ಈ ಹೊಲಿಗೆ ಬಿಚ್ಚಿ ಎರಡು ಕೆನ್ನೆಯ ತುಂಡುಗಳು ಬೇರೆಯಾಗುತ್ತಿದ್ದವು. ಬಾಯಿಯನ್ನು ಮುಚ್ಚಿದ ಅಡಿಯ ಫಲಕವೂ ಬಿಡುತ್ತಿತ್ತು. ಆಗ ತಲೆಯ ಮುಂಭಾಗದಲ್ಲಿ ಒಂದು ಬಾಗಿಲು. ಪ್ರಾಣಿ ಆ ಬಾಗಿಲಿನಿಂದ ಮುಂದಕ್ಕೆ ನುಸುಳಿ ಹೋಗುತ್ತಿತ್ತು. ಏಡಿ ಹಿಂದಕ್ಕೆ, ರೆಡ್ಲಿಕಿಯಾ ಮುಂದಕ್ಕೆ. ವ್ಯತ್ಯಾಸ ಅಷ್ಟೇ.

2018ರಲ್ಲಿ ಹ್ಯಾರಿಯೆಟ್ ಡ್ರೇಜ್ ಮತ್ತು ಜೊತೆಗಾರರು ಎಮು ಬೇಯ ಟ್ರೈಲೊಬೈಟ್‌ಗಳು ಚಿಪ್ಪು ಕಳಚಿದ ಬಗೆಯನ್ನೇ ಅಭ್ಯಾಸ ಮಾಡಿ ಪ್ರಕಟಿಸಿದರು. ಅಲ್ಲಿ ಕೆನ್ನೆಯ ತುಂಡು ಪಕ್ಕಕ್ಕೆ ಸರಿದ, ಮಗುಚಿ ಬಿದ್ದ, ದೇಹದ ಅಡಿಗೆ ಸಿಕ್ಕಿಕೊಂಡ ಮಾದರಿಗಳಿವೆ. ಬಿಚ್ಚುವ ರೀತಿಯೂ ಪ್ರತಿ ಬಾರಿ ಒಂದೇ ಆಗಿರಲಿಲ್ಲ. ಬಿದ್ದ ಹಾಗೆಯೇ ಕೆಸರು ಮುಚ್ಚಿದ್ದರಿಂದ, 51 ಕೋಟಿ ವರ್ಷಗಳ ಹಿಂದೆ ಒಂದು ಪ್ರಾಣಿ ಯಾವ ಕಡೆಗೆ ಹೊರಳಿ ಹೊರಬಂತು ಎಂಬುದನ್ನೂ ಇಂದು ಹೇಳಲು ಸಾಧ್ಯವಾಗಿದೆ.

ಹೆಣವೋ, ಪೊರೆಯೋ?

ಹಾಗಾದರೆ ಕಲ್ಲಿನಲ್ಲಿರುವುದು ಸತ್ತ ಪ್ರಾಣಿಯೋ, ಹಾವಿನ ಪೊರೆಯಂತೆ ಬಿಟ್ಟುಹೋದ ಚಿಪ್ಪೋ? ತಿಳಿಯುವುದು ಹೇಗೆ? ಕೆನ್ನೆಗಳು ತಮ್ಮ ಜಾಗದಲ್ಲಿದ್ದು, ಅಡಿಯ ಫಲಕ ಕದಲದೆ, ಕಾಲುಗಳೂ ಕಂಡರೆ ಅದು ದೇಹ. ಕೆನ್ನೆಗಳಿಲ್ಲದಿದ್ದರೆ ಅಥವಾ ಸರಿದಿದ್ದರೆ, ಉಳಿದ ಖಂಡಗಳು ಮಾತ್ರ ಅಚ್ಚುಕಟ್ಟಾಗಿದ್ದರೆ ಅದು ಹೆಚ್ಚಾಗಿ ಕಳಚಿದ ಚಿಪ್ಪು. ಈ ಕಾಲದ ಅನೇಕ ಟ್ರೈಲೊಬೈಟ್‌ಗಳಲ್ಲಿ ಕಣ್ಣಿನ ಸುತ್ತಲೂ ಒಂದು ಹೊಲಿಗೆ ಇತ್ತು. ಚಿಪ್ಪು ಕಳಚುವಾಗ ಮಸೂರಗಳ ಪರೆಯೂ ಉದುರುತ್ತಿತ್ತು. ಪಳೆಯುಳಿಕೆಯಲ್ಲಿ ಕಣ್ಣಿನ ಜಾಗ ಬರಿದಾಗಿ ಕಾಣುವುದು ಇದರಿಂದ.

ಒಂದು ಟ್ರೈಲೊಬೈಟ್ ಸಾಯುವುದು ಒಂದೇ ಸಲ, ಚಿಪ್ಪು ಕಳಚುವುದು ಅನೇಕ ಸಲ. ಒಂದು ಮಿಲಿಮೀಟರ್ ಗಾತ್ರದ, ಖಂಡಗಳೇ ಬಿಡಿಯಾಗದ ಮರಿಯಿಂದ ಆರಂಭಿಸಿ, ಪ್ರತಿ ಕಳಚುವಿಕೆಯಲ್ಲೂ ಬೆಳೆಯುತ್ತ, ಎದೆಗೆ ಖಂಡಗಳನ್ನು ಸೇರಿಸಿಕೊಳ್ಳುತ್ತ ದೊಡ್ಡದಾಗಬೇಕು. ಹಳೆಯ ಕವಚದ ಸುಣ್ಣವನ್ನು ಏಡಿಯಂತೆ ಹಿಂದಕ್ಕೆ ಎಳೆದುಕೊಳ್ಳುವ ವಿದ್ಯೆ ಇವಕ್ಕೆ ಇರಲಿಲ್ಲವೆಂದು ಅನೇಕ ತಜ್ಞರು ತಿಳಿಯುತ್ತಾರೆ. ಆದ್ದರಿಂದ ಬಿಟ್ಟ ಚಿಪ್ಪು ದಪ್ಪ, ಅದು ಕಲ್ಲಾಗುವುದೂ ಸುಲಭ. ಜಗತ್ತಿನ ಸಂಗ್ರಹಾಲಯಗಳಲ್ಲಿರುವ ಟ್ರೈಲೊಬೈಟ್‌ಗಳಲ್ಲಿ ಬಹಳಷ್ಟು ಹೀಗೆ ಕಳಚಿಟ್ಟ ಅಂಗಿಗಳು. ಒಂದು ಕಲ್ಲಿನಲ್ಲಿ ಹತ್ತು ಚಿಪ್ಪು ಕಂಡರೆ ಹತ್ತು ಪ್ರಾಣಿ ಇದ್ದವೆಂದು ಲೆಕ್ಕ ಹಾಕುವಂತಿಲ್ಲ.

ಇದಕ್ಕೆ ಅವು ತೆತ್ತ ಬೆಲೆ ಸಣ್ಣದಲ್ಲ. ಕರಾವಳಿಯಲ್ಲಿ ಸಿಗಡಿ, ಏಡಿ ಸಾಕುವವರಿಗೆ ಇದು ಗೊತ್ತು. ಚಿಪ್ಪು ಬಿಟ್ಟು ಮೆತ್ತಗಾದ ಸಿಗಡಿಯನ್ನು ಅದೇ ಕೆರೆಯ ಇತರ ಸಿಗಡಿಗಳು ತಿಂದುಬಿಡುತ್ತವೆ. ಏಡಿ ಸಾಕುವವರು ಅಡಗಲೆಂದು ಕೊಳವೆಯ ತುಂಡುಗಳನ್ನು ನೀರಿಗೆ ಹಾಕುತ್ತಾರೆ. ಮುಳ್ಳು, ಗುರಾಣಿ, ಅರೆಯುವ ಕಾಲು ಎಲ್ಲವೂ ಇದ್ದ ರೆಡ್ಲಿಕಿಯಾ ಕೂಡ ಪ್ರತಿ ಸಲ ಬೆಳೆಯಬೇಕಾದಾಗ ಕವಚ ಬಿಟ್ಟು ಬೆತ್ತಲಾಗಿ ಕೆಸರಿನ ಮೇಲೆ ಕಾಯಬೇಕಿತ್ತು, ಸುತ್ತಲೂ ಚಿಪ್ಪು ಅರೆಯಬಲ್ಲ ತನ್ನವರೇ ಇರುವಲ್ಲಿ. ಇಷ್ಟಾದರೂ ಈ ವಂಶ ಉಳಿದದ್ದಲ್ಲ. ರೆಡ್ಲಿಕಿಯಾ ಬಳಗ ಸುಮಾರು 51 ಕೋಟಿ ವರ್ಷಗಳ ಹಿಂದೆಯೇ ಇಳಿಮುಖವಾಗಿ ಅಳಿಯಿತು. ಇತರ ಟ್ರೈಲೊಬೈಟ್‌ಗಳು ಇನ್ನೂ 25 ಕೋಟಿ ವರ್ಷಕ್ಕೂ ಹೆಚ್ಚು ಕಾಲ ಬಾಳಿದವು.

ನೀವೇ ನೋಡಿ

ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ, ಯಾವುದೇ ಕಡಲ ಕಿನಾರೆಗೆ ಹೋದಾಗ ಮರಳಿನ ಮೇಲೆ ಬಿದ್ದ ಏಡಿಯನ್ನು ಎತ್ತಿ ನೋಡಿ. ಬೆನ್ನ ಮೇಲೆ ಮೂರು ಕಪ್ಪು ಚುಕ್ಕೆ ಇರುವ ಏಡಿ ನಮ್ಮಲ್ಲಿ ಸಾಮಾನ್ಯ. ಹಗುರಾಗಿದೆಯೇ? ನಾರುವುದಿಲ್ಲವೇ? ಹಿಂದಿನ ಅಂಚಿಗೆ ಉಗುರು ಹಾಕಿದರೆ ಮುಚ್ಚಳ ಮೇಲೇಳುತ್ತದೆಯೇ? ಒಳಗೆ ಮಾಂಸವಿಲ್ಲದೆ, ಕಿವಿರುಗಳ ತೆಳು ಪರೆಯೂ ಜಠರದ ಒಳಪೊರೆಯೂ ಮಾತ್ರ ಕಾಣುತ್ತವೆಯೇ? ಹಾಗಿದ್ದರೆ ಆ ಏಡಿ ಸತ್ತಿಲ್ಲ. ಅಂಗಿ ಬದಲಿಸಿ ಹೋಗಿದೆ.

ಅಂಥ ಒಂದು ಚಿಪ್ಪು ಈಗ ನನ್ನ ತರಗತಿಯ ಡಬ್ಬಿಯಲ್ಲಿದೆ. ಪಳೆಯುಳಿಕೆಯ ಪಾಠವನ್ನು ಟ್ರೈಲೊಬೈಟ್‌ನ ಚಿತ್ರದಿಂದ ಆರಂಭಿಸುವುದನ್ನು ಬಿಟ್ಟಿದ್ದೇನೆ. ಮೊದಲು ಚಿಪ್ಪನ್ನು ಬೆಂಚಿನಿಂದ ಬೆಂಚಿಗೆ ದಾಟಿಸುತ್ತೇನೆ. ‘ಇದು ಸತ್ತದ್ದೋ, ಬಿಟ್ಟುಹೋದದ್ದೋ?’ ಎಂದು ಕೇಳಿ ಸುಮ್ಮನಿರುತ್ತೇನೆ. ಹೆಚ್ಚಿನ ವರ್ಷಗಳಲ್ಲಿ ಉತ್ತರ ಬರುವುದು ಹಿಂದಿನ ಬೆಂಚಿನಿಂದ. ಅಂದು ನಾನು ಕುಳಿತುಕೋ ಎಂದ ಹುಡುಗ ಹತ್ತನೆಯ ತರಗತಿಯಾದ ಮೇಲೆ ದೋಣಿಗೆ ಹೋದನೆಂದು ಕೇಳಿದ್ದೆ. ಆಮೇಲೆ ಅವನನ್ನು ನೋಡಿಲ್ಲ. ಈ ಪುಟ ಅವನ ಕೈಗೆ ಸಿಕ್ಕಿದರೆ, ಅವನು ಹೇಳಿದ್ದು ಸರಿ ಎಂದು ಅವನ ಮೇಷ್ಟ್ರು ಒಪ್ಪಿಕೊಂಡಿದ್ದಾರೆ ಎಂಬುದು ತಿಳಿದೀತು.